ಹಿರೀಕರಿಗೆ ಎಡೆ, ತಂಗಿಗೆ ಕರೆ



ಈ ಸಲ ಒಂದು ಕಾದಂಬರಿಯ ವಿಷಯ ಹೇಳುತ್ತೇನೆ. ಬರೆದವರು ಚೀನೀ ಮನೆತನದ ಅಮೆರಿಕನ್ ಲೇಖಕಿ ಎಮಿ ಟ್ಯಾನ್. 'ದಿ ಹಂಡ್ರೆಡ್ ಸೀಕ್ರೆಟ್ ಸೆನ್ಸಸ್' ಅಂತ ಹೆಸರು, 1995ರಲ್ಲಿ ಬಂದದ್ದು. ಅಪ್ಪ ಒಬ್ಬರೇ, ತಾಯಂದಿರು ಬೇರೆ ಬೇರೆ, ಅಂಥ ಅಕ್ಕ ತಂಗಿಯರ ಕಥೆ. ಅಪ್ಪ ತೀರಿಕೊಂಡ ಮೇಲೆ ಅಕ್ಕ ಕ್ವಾನ್ ಚೀನಾದ ಹಳ್ಳಿಯಿಂದ ಬಂದು ತಂಗಿಯ ಮನೆ ಸೇರುತ್ತಾಳೆ. ಸತ್ತವರು ತನ್ನ ಕಣ್ಣಿಗೆ ಕಾಣುತ್ತಾರೆ, ಮಾತಾಡುತ್ತಾರೆ ಅನ್ನುತ್ತಾಳೆ. ತಂಗಿ ಒಲಿವಿಯಾಗೆ ಇವಳೆಂದರೆ ನಾಚಿಕೆ, ಸಿಡುಕು. ಆ ಗುಟ್ಟನ್ನು ತಂಗಿ ಬಾಯಿಬಿಟ್ಟಾಗ ಅಕ್ಕನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಿ ಕರೆಂಟು ಕೊಡಿಸುತ್ತಾರೆ. ಆದರೂ ಅಕ್ಕನ ಅಕ್ಕರೆ ಬತ್ತುವುದಿಲ್ಲ. ಅದರ ಬೆಲೆ ತಂಗಿಗೆ ತಿಳಿಯುವ ಹೊತ್ತಿಗೆ, ಗವಿಯೊಳಗೆ ಹೋದ ಅಕ್ಕ ಮತ್ತೆ ಬರುವುದಿಲ್ಲ.

ಎಲ್ಲಿಯದೋ ಕಥೆ ಅನ್ನಬೇಡಿ. ಸತ್ತವರ ಜೊತೆ ಮಾತು ನಮಗೇನು ಹೊಸದೇ? ಪಿತೃಪಕ್ಷ ಬಂತೆಂದರೆ ನಮ್ಮ ಕೊಪ್ಪ, ಪಿರಿಯಾಪಟ್ಟಣದ ಕಡೆ ಹಿರೀಕರಿಗೆ ಎಡೆ ಇಡುವುದಿಲ್ಲವೇ? ಹೊಸ ಸೀರೆ, ಪಂಚೆ, ಅವರು ಇಷ್ಟಪಡುತ್ತಿದ್ದ ವಡೆ, ಕಜ್ಜಾಯ, ಬಾಡಿನ ಸಾರು, ಎಲೆ ಅಡಿಕೆ, ಬೀಡಿ ಕೂಡ! ಧೂಪ ಹಾಕಿ, ಬಾಗಿಲು ಮುಂದಕ್ಕೆ ಎಳೆದು ಆಚೆ ಬಂದು ಕೂರುತ್ತೇವೆ, ಸಮಾಧಾನವಾಗಿ ಉಣ್ಣಲಿ ಅಂತ.

ಆದರೆ ಕಾವೇರಿ ಸೇತುವೆ ದಾಟಿದರೆ ಸಿಗುವ ಕುಶಾಲನಗರದಲ್ಲಿ ತಂಗಿ ಇದ್ದರೂ, ಆ ದಿನ ಅವಳನ್ನು ಕರೆಯದ ಅಕ್ಕಂದಿರನ್ನು ನಾನು ಬಲ್ಲೆ. ಕೇಳಿದರೆ ಎಷ್ಟೋ ಸಲ ಕಾರಣ ಒಂದೇ: ಹಕ್ಕು ಬಿಡುಗಡೆ ಪತ್ರ. ಅಣ್ಣ ತಂದ ಕಾಗದಕ್ಕೆ ಒಬ್ಬಳು ರುಜು ಹಾಕಿದಳು, ಇನ್ನೊಬ್ಬಳು ಒಲ್ಲೆ ಅಂದಳು. ಅಲ್ಲಿಂದ ಅವಳಿಗೆ "ತವರು ಕೆಡಿಸಿದವಳು" ಅಂತ ಹೆಸರು.

ಒಂದು ಮಾತು ತಿಳಿದಿರಲಿ. 2005ರ ತಿದ್ದುಪಡಿಯಂತೆ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆಗ ತಂದೆ ಬದುಕಿರಲೇಬೇಕೆಂದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗಗಳು ಬದಲಾಗುವುದಿಲ್ಲ. ಹಾಗಾಗಿ ಪಾಲು ಕೇಳಿದವಳು ತವರಿನ ವೈರಿಯಲ್ಲ. ಬಿಟ್ಟುಕೊಟ್ಟವಳು ದಡ್ಡಿಯೂ ಅಲ್ಲ. ಅವರವರ ಮನೆಯ ಕಷ್ಟ ಅವರವರಿಗೆ.

ಹಿರೀಕರು ಬಂದು ಎಡೆ ಮುಟ್ಟುತ್ತಾರೋ ಬಿಡುತ್ತಾರೋ, ಅವರಿಗೇ ಗೊತ್ತು. ಬಂದದ್ದೇ ಆದರೆ ಹೆತ್ತವಳ ಕಣ್ಣು ಮೊದಲು ಹುಡುಕುವುದು ಹೆಣ್ಣುಮಕ್ಕಳಿಬ್ಬರನ್ನೂ. ಮಹಾಲಯ ಅಮಾವಾಸ್ಯೆಗೆ ಮುಂಚೆ ಒಂದು ಫೋನು ಮಾಡಿ. ಜಮೀನಿನ ಮಾತು ಆವತ್ತು ಬೇಡ. "ಅವ್ವನಿಗೆ ಎಡೆ ಇಡ್ತಿದ್ದೀವಿ. ಕಜ್ಜಾಯದ ಪಾಕ ನಿನಗೇ ಸರಿಯಾಗಿ ಬರೋದು, ಬಾರೇ" ಅಂತ ಅಷ್ಟೇ ಅನ್ನಿ.