ವಿಳಾಸವಿಲ್ಲದ ಮನೆಗಳು

ಕಲಬುರಗಿ ನಗರದ ಅಂಚಿನ ಶರಣಸಿರಸಗಿಯ ಕಡೆಗೆ ಬೆಳಗಿನ ನಡಿಗೆಗೆ ಹೋದಾಗಲೆಲ್ಲ ನಿವೇಶನಗಳ ಗಡಿಕಲ್ಲುಗಳು ಕಣ್ಣಿಗೆ ಬೀಳುತ್ತವೆ. ತೊಗರಿ ಬೆಳೆಯುತ್ತಿದ್ದ ಕಪ್ಪು ನೆಲ ಮೂವತ್ತು-ನಲವತ್ತರ ಅಳತೆಯಲ್ಲಿ ಹೋಳಾಗುತ್ತಿದೆ. ನಮ್ಮ ಮಧ್ಯಮ ವರ್ಗಕ್ಕೆ ಮನೆಯೆಂದರೆ ಕೇವಲ ಸೂರಲ್ಲ. ಅದು ಜೀವಮಾನದ ಉಳಿತಾಯ, ಸಾಲಕ್ಕೆ ಭದ್ರತೆ, ಮಕ್ಕಳಿಗೆ ಬಿಟ್ಟುಹೋಗುವ ಆಸ್ತಿ. ಎಲ್ಲಕ್ಕಿಂತ ಮಿಗಿಲಾಗಿ ಅದೊಂದು ವಿಳಾಸ. ಈ ವಿಳಾಸದ ಬೆಲೆ ಎಷ್ಟೆಂಬುದು ಅದು ಇಲ್ಲದವರಿಗೆ ಮಾತ್ರ ಗೊತ್ತು.

ಮನೆಯನ್ನೇ ಜೊತೆಗೆ ಕೊಂಡೊಯ್ಯುವ ಜನರು ಶ್ರೀಮಂತ ದೇಶಗಳಲ್ಲೂ ಇದ್ದಾರೆ. ಇಂಗ್ಲೆಂಡಿನ ಹಳೆಯ ಕಾಲುವೆಗಳಲ್ಲಿ 'ನ್ಯಾರೋಬೋಟ್' ಎಂಬ, ಏಳು ಅಡಿಯಷ್ಟೇ ಅಗಲದ ಉದ್ದನೆಯ ದೋಣಿಗಳಲ್ಲಿ ಸಾವಿರಾರು ಮಂದಿ ಸಂಸಾರ ಹೂಡಿದ್ದಾರೆ. ಕೆಲವರಿಗೆ ಅದು ಇಷ್ಟದ ಬದುಕು. ಲಂಡನ್ನಿನ ಬಾಡಿಗೆ ತೆರಲಾಗದ ಹಲವರಿಗೆ ಅನಿವಾರ್ಯ. ಅಲ್ಲಿನ 1995ರ ಕಾಯ್ದೆಯೊಂದರ ಪ್ರಕಾರ, ಕಾಯಂ ತಂಗುದಾಣವಿಲ್ಲದ ದೋಣಿಗೂ ಪರವಾನಗಿ ಉಂಟು. ಸಾಮಾನ್ಯವಾಗಿ ಒಂದೇ ಜಾಗದಲ್ಲಿ ಹದಿನಾಲ್ಕು ದಿನಕ್ಕಿಂತ ಹೆಚ್ಚು ನಿಲ್ಲದೆ ಸಾಗುತ್ತಿರಬೇಕು ಎಂಬುದೇ ಷರತ್ತು. ಅಂದರೆ ಸಂಚಾರವನ್ನೇ ಒಂದು ಬಗೆಯ ವಾಸವೆಂದು ಕಾನೂನು ಒಪ್ಪಿಕೊಂಡಿದೆ.

ಈ ಒಪ್ಪಿಗೆಯ ಹಿಂದಿನ ಇತಿಹಾಸ ನಮಗೂ ಸಂಬಂಧಿಸಿದ್ದು. ಕಲ್ಲಿದ್ದಲು ಸಾಗಿಸುತ್ತಿದ್ದ ದೋಣಿಗಾರರ ವರಮಾನಕ್ಕೆ ಹತ್ತೊಂಬತ್ತನೇ ಶತಮಾನದಲ್ಲಿ ರೈಲು ಪೆಟ್ಟು ಕೊಟ್ಟಿತು. ಬಾಡಿಗೆ ಮನೆ ಬಿಟ್ಟು ಹೆಂಡತಿ ಮಕ್ಕಳೊಂದಿಗೆ ದೋಣಿಯಲ್ಲೇ ನೆಲೆಸಿದವರು ಅನೇಕರು. ಆ ಮಕ್ಕಳ ದುಃಸ್ಥಿತಿಯ ಬಗ್ಗೆ ಕೂಗೆದ್ದಾಗ ಬ್ರಿಟಿಷ್ ಸಂಸತ್ತು 1877ರಲ್ಲಿ ಕಾಲುವೆ ದೋಣಿಗಳ ಕಾಯ್ದೆಯನ್ನು ತಂದಿತು. ವಾಸಕ್ಕೆ ಬಳಸುವ ದೋಣಿಯನ್ನು ಒಂದು ಊರಿನಲ್ಲಿ ನೋಂದಾಯಿಸಬೇಕು. ದೋಣಿ ಎಲ್ಲೇ ತೇಲುತ್ತಿರಲಿ, ಶಿಕ್ಷಣದ ಮಟ್ಟಿಗೆ ಅದರಲ್ಲಿರುವ ಮಕ್ಕಳು ಆ ಊರಿನ ನಿವಾಸಿಗಳು. ಜಾರಿ ದುರ್ಬಲವಾಗಿದ್ದರಿಂದ 1884ರಲ್ಲಿ ತಿದ್ದುಪಡಿ ಬೇಕಾಯಿತಾದರೂ ಆಲೋಚನೆ ಸರಿಯಾಗಿತ್ತು.

ಅದೇ ರೈಲು, ಅದೇ ಶತಮಾನದಲ್ಲಿ, ದಖ್ಖನಿನ ಲಂಬಾಣಿಗರ ವ್ಯಾಪಾರವನ್ನೂ ನುಂಗಿತು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸೈನ್ಯಗಳಿಗೂ ಸಂತೆಗಳಿಗೂ ಪೂರೈಸುತ್ತಿದ್ದವರು ದುಡಿಮೆ ಕಳೆದುಕೊಂಡರು. ಆದರೆ ಇಲ್ಲಿ ಅದೇ ಬ್ರಿಟಿಷರ ಆಡಳಿತ ತಂದದ್ದು 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಮೊದಲು ಉತ್ತರ ಭಾರತಕ್ಕೆ ಅನ್ವಯಿಸಿ ಆಮೇಲೆ ವಿಸ್ತರಿಸಿದ ಆ ಕಾನೂನು, ಅಲೆಯುವವನು ಕಳ್ಳನಿರಬೇಕೆಂಬ ಶಂಕೆಯನ್ನೇ ಶಾಸನವಾಗಿಸಿತು. 1952ರಲ್ಲಿ ಕಾಯ್ದೆ ರದ್ದಾಯಿತು; ಶಂಕೆ ರದ್ದಾಯಿತೆಂದು ಹೇಳಲಾರೆ.

ನೀರಿನೊಂದಿಗೆ ಬದುಕುವ ಅಲೆಮಾರಿಗಳು ನಮ್ಮಲ್ಲೂ ಇದ್ದಾರೆ. ಸಿಳ್ಳೇಕ್ಯಾತ, ಕಿಳ್ಳೇಕ್ಯಾತ, ಕಟಬು ಮುಂತಾಗಿ ಬೇರೆ ಬೇರೆ ಸೀಮೆಗಳಲ್ಲಿ ಕರೆಸಿಕೊಳ್ಳುವ ಈ ಜನ ನದಿ, ಕೆರೆ, ಜಲಾಶಯಗಳ ದಂಡೆಯಲ್ಲಿ ಗುಡಾರ ಹಾಕಿ, ಬಿದಿರಿನ ಹರಿಗೋಲಿನಲ್ಲಿ ಬಲೆ ಬೀಸಿ ಬದುಕುತ್ತಾರೆ. ತೊಗಲುಗೊಂಬೆಯಾಟವನ್ನು ಉಳಿಸಿಕೊಟ್ಟವರೂ ಇವರೇ. ಕೊಪ್ಪಳ ಜಿಲ್ಲೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಕಲೆಯನ್ನು ಗುರುತಿಸುವುದು ಸುಲಭ; ಕಲಾವಿದನ ಗುಡಾರವನ್ನು ಗುರುತಿಸುವುದು ಕಷ್ಟ.

ಕಷ್ಟವೇಕೆಂಬುದಕ್ಕೆ ನಾನೇ ಸಾಕ್ಷಿ. ಸೇವೆಯಲ್ಲಿದ್ದಾಗ ಒಂದು ಪ್ರವಾಹದ ವರ್ಷ ನದಿ ದಂಡೆಯ ಹಳ್ಳಿಯಲ್ಲಿ ಪರಿಹಾರದ ಪಟ್ಟಿ ಸಿದ್ಧಪಡಿಸುವ ಹೊಣೆ ನನ್ನದಾಗಿತ್ತು. ಊರ ಹೊರಗೆ ದಿಬ್ಬದ ಮೇಲೆ ಬೋರಲು ಹಾಕಿದ ಹರಿಗೋಲಿನ ಕೆಳಗೆ ಒಂದು ಕುಟುಂಬ ಕುಳಿತಿತ್ತು. ಗುಡಾರ, ಬಲೆ, ಪಾತ್ರೆಗಳೆಲ್ಲ ಕೊಚ್ಚಿಹೋಗಿದ್ದವು. ನಮೂನೆಯಲ್ಲಿ 'ಮನೆ ಸಂಖ್ಯೆ' ಎಂಬ ಕಾಲಂ ಇತ್ತು. ಅದನ್ನು ಖಾಲಿ ಬಿಟ್ಟು ಹೆಸರು ಬರೆದುಕೊಂಡೆ. ಅಂತಿಮ ಪಟ್ಟಿಯಲ್ಲಿ ಆ ಹೆಸರು ಇರಲಿಲ್ಲ. ನಾನು ಕೇಳಬಹುದಿತ್ತು, ಕೇಳಲಿಲ್ಲ. ಪಟ್ಟಿ ಸಕಾಲದಲ್ಲಿ ಹೋಯಿತೆಂದು ನನಗೆ ಪ್ರಶಂಸೆಯೇ ಸಿಕ್ಕಿತು.

ಸರ್ಕಾರಗಳು ಏನೂ ಮಾಡಿಲ್ಲವೆನ್ನುವುದು ಅನ್ಯಾಯವಾದೀತು. 2023ರ ಜನವರಿ 19ರಂದು ನಮ್ಮದೇ ಜಿಲ್ಲೆಯ ಮಳಖೇಡದಲ್ಲಿ ಪ್ರಧಾನಿಯವರು ತಾಂಡಾ ನಿವಾಸಿಗಳಿಗೆ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹೊಸಪೇಟೆಯಲ್ಲಿ 1,11,111 ಹಕ್ಕುಪತ್ರಗಳನ್ನು ವಿತರಿಸಿತು. ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿಸುವ ಈ ಕೆಲಸದ ಮಹತ್ವ, ತಲೆಮಾರುಗಳಿಂದ ಬೇರೆಯವರ ಜಮೀನಿನಲ್ಲಿ ಅಂಜುತ್ತಾ ಬದುಕಿದವರಿಗೆ ಗೊತ್ತು. ಆದರೆ ಈ ಮಾರ್ಗ ತಲುಪುವುದು ಈಗಾಗಲೇ ಒಂದೆಡೆ ನೆಲೆ ನಿಂತವರನ್ನು ಮಾತ್ರ. ನಿಲ್ಲದವರಿಗೆ ನಮ್ಮ ಆಡಳಿತದ ಬಳಿ ಇರುವ ಉತ್ತರ ಒಂದೇ: ಮೊದಲು ನಿಲ್ಲು, ಆಮೇಲೆ ಕೇಳು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಅಲೆಮಾರಿಯ ಸಂಚಾರ ಅಜ್ಞಾನವಲ್ಲ, ಲೆಕ್ಕಾಚಾರ. ಒಂದು ಕೆರೆಯಲ್ಲಿ ಮೀನು ಕಡಿಮೆಯಾದಾಗ ಮುಂದಿನ ನೀರಿಗೆ ಹೋಗುವವನು ಕೂತಲ್ಲೇ ಉಪವಾಸವಿರುವವನಿಗಿಂತ ಜಾಣ. ಹಿನ್ನೀರು ಏರಿ ಇಳಿಯುವ ಕಡೆ ಗಟ್ಟಿ ಗೋಡೆಯ ಮನೆ ಅವನಿಗೆ ಆಸ್ತಿಯಲ್ಲ, ಹೊರೆ. ನಮ್ಮ ವ್ಯವಸ್ಥೆ ದಂಡ ವಿಧಿಸುತ್ತಿರುವುದು ಈ ವಿವೇಕಕ್ಕೇ. ಜಾತಿ ಪ್ರಮಾಣಪತ್ರಕ್ಕೆ ವಾಸದ ಪುರಾವೆ ಬೇಕು. ಮೀನುಗಾರರ ಸಹಕಾರ ಸಂಘದ ಸದಸ್ಯತ್ವಕ್ಕೆ ಸಂಘದ ಕಾರ್ಯವ್ಯಾಪ್ತಿಯೊಳಗೆ ವಾಸವಿರಬೇಕು. ಸದಸ್ಯತ್ವವಿಲ್ಲದವನು ಗುತ್ತಿಗೆದಾರನ ಕೈಕೆಳಗೆ, ಅವನು ಹೇಳಿದ ದರಕ್ಕೆ ಮೀನು ಹಿಡಿಯುತ್ತಾನೆ.

ವಿಳಾಸದ ಕಟ್ಟು ಸಡಿಲಿಸಿದರೆ ಒಬ್ಬನೇ ಎರಡು ಕಡೆ ಸವಲತ್ತು ಪಡೆದಾನೆಂಬ ಆಕ್ಷೇಪ ಸಹಜ. ಆಧಾರ್ ಬಂದ ಮೇಲೆ ಈ ವಾದ ಬಹುಮಟ್ಟಿಗೆ ಸವಕಲಾಗಿದೆ. ಮಕ್ಕಳ ಓದಿಗೆ ನೆಲೆ ನಿಲ್ಲುವುದೇ ಒಳಿತೆಂಬ ಇನ್ನೊಂದು ಆಕ್ಷೇಪದಲ್ಲಿ ತೂಕವಿದೆ. ಇಂಗ್ಲೆಂಡಿನಲ್ಲಿಯೂ ಹದಿನಾಲ್ಕು ದಿನಗಳ ನಿಯಮ ಮತ್ತು ಶಾಲೆಯ ನಡುವೆ ದೋಣಿವಾಸಿ ತಾಯ್ತಂದೆಯರು ಪರದಾಡುವುದುಂಟು. ನೆಲೆ ನಿಲ್ಲಬಯಸುವವರಿಗೆ ನಿವೇಶನ ಸಿಗಲೇಬೇಕು. ಆದರೆ ಅದು ಅಕ್ಕಿ, ಮತ, ಔಷಧಗಳಿಗೆ ಪೂರ್ವಷರತ್ತಾಗಬಾರದು.

ದಾರಿ ಹೊಸದಾಗಿ ಹುಡುಕಬೇಕಿಲ್ಲ. ಸೂರಿಲ್ಲದವನು ಮತದಾರರ ಪಟ್ಟಿಗೆ ಅರ್ಜಿ ಹಾಕಿದರೆ ಕಾಗದದ ಪುರಾವೆ ಕೇಳುವ ಬದಲು, ಮತಗಟ್ಟೆ ಅಧಿಕಾರಿ ರಾತ್ರಿ ಹೋಗಿ ಆತ ಅಲ್ಲಿ ಮಲಗುತ್ತಾನೆಯೇ ಎಂದು ನೋಡಿ ದೃಢಪಡಿಸಬೇಕೆಂಬುದು ಚುನಾವಣಾ ಆಯೋಗದ ಸೂಚನೆ. ಒಂದು ದೇಶ, ಒಂದು ಪಡಿತರ ಚೀಟಿ ಯೋಜನೆ 2022ರ ವೇಳೆಗೆ ಎಲ್ಲ ರಾಜ್ಯಗಳನ್ನು ತಲುಪಿ, ಅಕ್ಕಿ ಮನುಷ್ಯನನ್ನು ಹಿಂಬಾಲಿಸಬಲ್ಲದೆಂದು ತೋರಿಸಿತು. ವರ್ಗಾವಣೆ ಪತ್ರ ತಡವಾಯಿತೆಂದು ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲವೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಈ ಮೂರನ್ನೂ ಒಂದೇ ಸೂತ್ರಕ್ಕೆ ಪೋಣಿಸಬೇಕಿದೆ. ಪ್ರತಿ ಅಲೆಮಾರಿ ಕುಟುಂಬಕ್ಕೆ ಅದು ಆರಿಸಿಕೊಂಡ ಒಂದು ಗ್ರಾಮ ಪಂಚಾಯಿತಿಯಲ್ಲಿ ನೋಂದಣಿಯಾಗಲಿ. 1877ರ ಕಾಯ್ದೆಯ ದೋಣಿಯಂತೆ ಆ ನೋಂದಣಿಯೇ ಅದರ ವಾಸವೆನಿಸಲಿ. ಸಹಕಾರ ಸಂಘಗಳ ವಾಸದ ನಿಯಮದಿಂದ ಸಂಚಾರಿ ಮೀನುಗಾರರಿಗೆ ವಿನಾಯಿತಿ ಸಿಗಲಿ. ಪ್ರವಾಹದ ನಷ್ಟದ ಪಟ್ಟಿಯಲ್ಲಿ ಮನೆ ಸಂಖ್ಯೆಯಿಲ್ಲದವರಿಗೂ ಒಂದು ಕಾಲಂ ಇರಲಿ.

ಇದಕ್ಕೆಲ್ಲ ರಾಜಕೀಯ ಒತ್ತಡ ಬೇಕು, ಅಲೆಮಾರಿಗಳಿಗೆ ಇಲ್ಲದಿರುವುದೂ ಅದೇ. ಒಳಮೀಸಲಾತಿಯಲ್ಲಿ ಅತಿ ಹಿಂದುಳಿದ 59 ಸಮುದಾಯಗಳಿಗೆ ಪ್ರತ್ಯೇಕವಾಗಿ ಶೇ 1ರಷ್ಟು ಇರಲೆಂದು ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ ಶಿಫಾರಸು ಮಾಡಿತ್ತು. 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಅವರನ್ನು ದೊಡ್ಡ ಗುಂಪಿನೊಂದಿಗೆ ಸೇರಿಸಿತು. ಆ ಸಮುದಾಯಗಳು ಬೆಂಗಳೂರಿನಲ್ಲಿ ಧರಣಿ ಕುಳಿತವು. ಚದುರಿ ಬದುಕುವವರ ದನಿ ಒಂದು ಕ್ಷೇತ್ರದ ಫಲಿತಾಂಶವನ್ನೂ ಬದಲಿಸಲಾರದು; ಆದ್ದರಿಂದಲೇ ಅದನ್ನು ಕೇಳಿಸಿಕೊಳ್ಳುವ ಹೊಣೆ ವಿಳಾಸವುಳ್ಳ ನಮ್ಮ ಮೇಲಿದೆ.

2027ರ ಮಾರ್ಚ್ 1 ಅನ್ನು ಉಲ್ಲೇಖ ದಿನವಾಗಿಟ್ಟುಕೊಂಡ ಜನಗಣತಿ ಇದಕ್ಕೊಂದು ಅವಕಾಶ. 2011ರ ಗಣತಿಯಲ್ಲಿ ಸೂರಿಲ್ಲದವರನ್ನು ಫೆಬ್ರುವರಿ 28ರ ಒಂದೇ ರಾತ್ರಿ ಎಣಿಸಲಾಗಿತ್ತು. ಅಂಥ ರಾತ್ರಿ ಗಣತಿದಾರ ಬಸ್ ನಿಲ್ದಾಣ, ದೇವಸ್ಥಾನದ ಜಗುಲಿಗಳಿಗೆ ಮಾತ್ರವಲ್ಲ, ನದಿ ದಂಡೆಗೂ ಟಾರ್ಚ್ ಹಿಡಿದು ಹೋಗಬೇಕು. ಬೋರಲು ಹಾಕಿದ ಹರಿಗೋಲು ಕಂಡರೆ, ಅದರ ಕೆಳಗೆ ಯಾರಿದ್ದೀರಿ ಎಂದು ಕೇಳಬೇಕು. ಅಂದು ನಾನು ಬರೆದು ಕೈಬಿಟ್ಟ ಹೆಸರು ಆಗಲಾದರೂ ಪಟ್ಟಿಯಲ್ಲಿ ಉಳಿದೀತು.