ಪಾತ್ರೆಯೂ ಪಂಕ್ತಿಯೂ

ಕಳೆದ ಮಾಗಿಯಲ್ಲಿ ಬೆಂಗಳೂರಿನ ಕೊರಿಯಾದ ಉಪಾಹಾರಗೃಹವೊಂದರಲ್ಲಿ, ಮೇಜಿನ ನಡುವೆ ಹೂಡಿದ ಒಲೆಯ ಮೇಲೆ ಕುದಿಯುತ್ತಿದ್ದ ಕೆಂಪು ಸಾರಿನ ಅಗಲವಾದ ಬೋಗುಣಿಗೆ ಅಣಬೆ, ಎಲೆಕೋಸು, ತೋಫು, ಶಾವಿಗೆಗಳನ್ನು ಒಂದೊಂದಾಗಿ ಇಳಿಬಿಡುತ್ತ ನನ್ನ ಮೊಮ್ಮಗಳು ಒಂದು ಮಾತನ್ನಾಡಿದಳು: "ನೋಡಜ್ಜಾ, ಇವರು ಎಲ್ಲಾರೂ ಒಂದೇ ಪಾತ್ರೆಯೊಳಗ ಉಣ್ತಾರ, ಅದಕ್ಕ ಇವರೊಳಗ ಒಗ್ಗಟ್ಟು ಐತಿ, ನಾವು ಎಂಜಲಾ ಎಂಜಲಾ ಅಂತ ತಾಟು ಬ್ಯಾರೆ ಮಾಡ್ಕೊಂಡು ಕುಂತು ಹಾಳಾದ್ವಿ." ಅವಳ ಗೆಳತಿಯರು ತಲೆದೂಗಿದರು. ಧಾರವಾಡಕ್ಕೆ ಮರಳಿದ ಮೇಲೆಯೂ ಇದೇ ಅಭಿಪ್ರಾಯವನ್ನು ಬೇರೆ ಬೇರೆ ಬಾಯಿಗಳಿಂದ ಕೇಳಿದೆನಾದ್ದರಿಂದ, ಇದು ಒಬ್ಬ ಹುಡುಗಿಯ ಉತ್ಸಾಹದ ಉದ್ಗಾರವಾಗಿರದೆ ಕಾಲದ ಒಂದು ನಂಬಿಕೆಯೇ ಆಗಿದೆಯೆಂದು ಬಗೆದು, ಅದನ್ನು ಪರೀಕ್ಷಿಸಲು ಕುಳಿತಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುವುದು ಲೇಸು. ಒಬ್ಬನೇ ಬಂದ ಅಪರಿಚಿತನನ್ನು ಎಲ್ಲಿ ಕೂಡಿಸುತ್ತಾರೆಂಬುದೇ ಸಹಭೋಜನದ ನಿಕಷ; ಪಾತ್ರೆಗಳ ಲೆಕ್ಕ ಆಮೇಲಿನದು.

ಪರದೇಶದ ತಿನಿಸಿನಿಂದ ನಾಡು ಕೆಡುವುದೆನ್ನುವವರಿಗೆ, ಮೆಣಸಿನಕಾಯಿಯನ್ನು ಇಲ್ಲಿಗೆ ತಂದವರು ಪೋರ್ತುಗೀಜರೆಂದೂ ನಮ್ಮೂರ ಪೇಢೆಯನ್ನು 19ನೆಯ ಶತಮಾನದಲ್ಲಿ ಕಾಯಿಸತೊಡಗಿದವರು ಉನ್ನಾವದಿಂದ ಬಂದ ಠಾಕೂರ ಮನೆತನದವರೆಂದೂ ನೆನಪಿಸಿದರೆ ಸಾಕು. ಅಮೇರಿಕಾ ಖಂಡದ ಅದೇ ಮೆಣಸಿನಕಾಯಿ 16ನೆಯ ಶತಮಾನದ ಕೊನೆಯ ಸುಮಾರಿಗೆ ಕೊರಿಯಾವನ್ನೂ ಮುಟ್ಟಿತು. ಅವರ ಕಿಮ್ಚಿ ಕೆಂಪಾದದ್ದು ತದನಂತರವೇ. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿಯನ್ನು ಬಲ್ಲ ನನಗೆ ಆ ಬೋಗುಣಿಯ ವರ್ಣವು ನೆಂಟರ ಮುಖದಂತೆಯೇ ಕಂಡಿತು.

ಆದರೆ ಮೊಮ್ಮಗಳ ಮಾತಿನೊಳಗಿನ ಸತ್ಯವನ್ನು ಹಾಗೆ ಹಗುರಾಗಿ ತಳ್ಳಿಹಾಕಲು ಬಾರದು. ಎಂಜಲೆಂಬ ಶಬ್ದವು ನಮ್ಮಲ್ಲಿ ಬರಿಯ ಶುಚಿತ್ವವನ್ನು ಕುರಿತದ್ದಾಗಿ ಎಂದೂ ಇರಲಿಲ್ಲ. ಗಂಡನುಂಡು ಬಿಟ್ಟ ಎಲೆ ಹೆಂಡತಿಗೆ ಪ್ರಸಾದವೂ, ದಲಿತನು ಮುಟ್ಟಿದ ನೀರು ಮೇಲಿನವರಿಗೆ ಮೈಲಿಗೆಯೂ ಆಗಬಲ್ಲ ಶಾಸ್ತ್ರದಲ್ಲಿ ರೋಗಾಣುವಿನ ಚಿಂತೆ ಎಲ್ಲಿತ್ತು? ನನ್ನ ಬಾಲ್ಯದ ಹಳ್ಳಿಯ ಚಹಾದಂಗಡಿಯಲ್ಲಿ ಕೆಲವರ ಕಪ್ಪುಗಳು ಹೊರಗೋಡೆಯ ಗೂಡಿನಲ್ಲಿರುತ್ತಿದ್ದವು; ಕುಡಿದವರೇ ಅವನ್ನು ತೊಳೆದಿಟ್ಟು ಹೋಗಬೇಕಾಗಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ತನ್ನ 15ನೆಯ ಅನುಚ್ಛೇದದಲ್ಲಿ ಅಂಗಡಿ, ಸಾರ್ವಜನಿಕ ಉಪಾಹಾರಗೃಹ, ಹೋಟೆಲುಗಳನ್ನು ಹೆಸರು ಹಿಡಿದು ಹೇಳಬೇಕಾಗಿ ಬಂದದ್ದೂ, 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳಿಗಾಗಿ ಕಾಯದೆಯೊಂದನ್ನು ಬೇರೆಯಾಗಿಯೇ ರಚಿಸಬೇಕಾದದ್ದೂ ಇಂಥ ಕಪ್ಪುಗಳ ದೆಸೆಯಿಂದ. ಕಾಯದೆ ಬಂದ ಮೇಲೆಯೂ ಆ ಕಪ್ಪುಗಳು ಬಹುಕಾಲ ಆ ಗೂಡಿನಲ್ಲಿಯೇ ಇದ್ದವು. ಅಂಥ ನಾಡಿನ ಮೊಮ್ಮಕ್ಕಳು ಇಂದು ಯಾರ ಕುಲವನ್ನೂ ಕೇಳದೆ ಒಂದೇ ಸಾರಿನೊಳಗೆ ತಮ್ಮ ಊಟದ ಕಡ್ಡಿಗಳನ್ನು ಅದ್ದುತ್ತಿದ್ದರೆ, ಅದನ್ನು ಷೋಕಿಯೆಂದು ಮೂದಲಿಸುವ ಅಧಿಕಾರ ನಮ್ಮ ತಲೆಮಾರಿಗೆ ಇಲ್ಲ.

ಆದರೆ ಆ ಬೋಗುಣಿಯ ಸುತ್ತ ಕೂಡುವವರು ಯಾರು? ಕೂಡಿಯೇ ಬಂದವರು. ಒಲವು ಮೊದಲು, ಬೋಗುಣಿ ಅನಂತರ. ಮರುದಿನ ಮಧ್ಯಾಹ್ನ, ಮೊಮ್ಮಗಳು ಕೆಲಸಕ್ಕೆ ಹೋದ ಬಳಿಕ, ನಾಲಗೆಗೆ ಹತ್ತಿದ ರುಚಿಯ ಬೆನ್ನು ಹಿಡಿದು ನಾನೊಬ್ಬನೇ ಅಂಥದೇ ಇನ್ನೊಂದು ಅಂಗಡಿಯನ್ನು ಹೊಕ್ಕೆನು. ಬೋಗುಣಿಯನ್ನು ಇಬ್ಬರಿಗಿಂತ ಕಡಿಮೆ ಕೊಡುವ ಪದ್ಧತಿಯಿಲ್ಲವೆಂದು ಹುಡುಗನು ಬಹು ವಿನಯದಿಂದ ತಿಳಿಸಿ, ಹುರಿದ ಅನ್ನವನ್ನು ತರಲೇ ಎಂದು ಕೇಳಿದನು. ತಂದನು, ಗೋಡೆಗೆ ಮುಖ ಮಾಡಿ ಉಂಡೆನು. ಇದು ಅಂಗಡಿಯವನ ಕೃಪಣತೆಯೆನ್ನಲಾರೆ. ಕೊರಿಯಾದಲ್ಲಿಯೂ ಇಂಥ ಅಡಿಗೆಗಳನ್ನು ಕನಿಷ್ಠ ಇಬ್ಬರ ಪ್ರಮಾಣದಲ್ಲಿ ಕೊಡುವ ವಾಡಿಕೆಯುಂಟು. ಒಬ್ಬನೇ ಉಣ್ಣುವುದಕ್ಕೆ ಅವರು ಈಚೆಗೆ 'ಹೊನ್‌ಬಾಪ್' ಎಂಬ ಪದವನ್ನೇ ಕಟ್ಟಿಕೊಂಡಿದ್ದಾರೆ.

ಇನ್ನು ಆ ಒಗ್ಗಟ್ಟು ಅನಾದಿಯೆಂಬ ಭ್ರಮೆ. ಚೊಸನ್ ಅರಸರ ಕಾಲದ ಕುಲೀನರ ಮನೆಗಳಲ್ಲಿ ಗಂಡಸರೊಬ್ಬೊಬ್ಬರಿಗೂ 'ಸೊಬಾನ್' ಎಂಬ ಗಿಡ್ಡ ಮೇಜನ್ನು ಪ್ರತ್ಯೇಕವಾಗಿ ಇಟ್ಟು ಬಡಿಸುತ್ತಿದ್ದರು. ನಮ್ಮ ಮಡಿವಂತರ ಮಣೆ ಎಲೆಗಳ ವ್ಯವಸ್ಥೆಗೆ ಅದು ಬಹಳ ದೂರದ್ದೇನಲ್ಲ. ಎಲ್ಲರೂ ಒಂದೇ ಮೇಜಿಗೆ ಕೂಡುವುದು ಸರ್ವಸಾಮಾನ್ಯವಾದದ್ದು 20ನೆಯ ಶತಮಾನದಲ್ಲಿ. ಇಂದು ಬಹು ಪ್ರಸಿದ್ಧವಾದ 'ಬುದೆ ಜಿಗೆ', ಎಂದರೆ ದಂಡಿನ ಸಾರು, 1950-53ರ ಯುದ್ಧವು ಬಿಟ್ಟುಹೋದ ಹಸಿವಿನಲ್ಲಿ, ಅಮೇರಿಕದ ಸೇನಾಠಾಣ್ಯಗಳಿಂದ ಹೊರಬಿದ್ದ ಡಬ್ಬಿಯ ಮಾಂಸವನ್ನು ಕಿಮ್ಚಿಯೊಡನೆ ಕುದಿಸಿ ಹುಟ್ಟಿಸಿಕೊಂಡದ್ದು. ನಮ್ಮ ಕೊಡಗಿನ ತಿಮ್ಮಯ್ಯನವರು ಯುದ್ಧಕೈದಿಗಳ ವಿಲೇವಾರಿಗೆಂದು ನೇಮಕವಾದ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ 1953ರಲ್ಲಿ ಆ ನೆಲವನ್ನು ಮೆಟ್ಟಿದಾಗ ಕಂಡ ಕೊರಿಯಾ ಆ ಹಸಿವಿನದೇ. ಅಭಾವವು ಒಲೆ ಹೊತ್ತಿಸಿ ಕೂಡಿಸಿದ್ದನ್ನು ಜನಾಂಗದ ಸ್ವಭಾವವೆಂದು ಓದುವುದು ಅವಿಚಾರ.

ಈಗ ನಮ್ಮ ಖಾನಾವಳಿಯನ್ನು ನೋಡಿರಿ. ಆ ಶಬ್ದವೇ ಮರಾಠಿಯಿಂದ ಬಂದು ನೆಲೆನಿಂತ ಅತಿಥಿ. ಧಾರವಾಡದ ಕೋರ್ಟಿನ ತಾರೀಖಿಗೆಂದು ನಸುಕಿನ ಬಸ್ಸಿಗೆ ಬಂದಿಳಿದ ನವಲಗುಂದದ ಮುದುಕ, ಹುಬ್ಬಳ್ಳಿಯ ಪೇಟೆಯಲ್ಲಿ ಹತ್ತಿ ಮಾರಿ ರೊಕ್ಕವನ್ನು ಒಳಕಿಸೆಗೆ ಹಾಕಿಕೊಂಡ ಕುಂದಗೋಳದ ರೈತ, ಕರ್ನಾಟಕ ಕಾಲೇಜಿನಲ್ಲಿ ಓದಲೆಂದು ಕೋಣೆ ಹಿಡಿದ ಹುಡುಗ, ವರ್ಗವಾಗಿ ಬಂದು ಸಂಸಾರವನ್ನಿನ್ನೂ ತಾರದ ಗುಮಾಸ್ತ, ಇವರೆಲ್ಲರೂ ಒಂಟಿಗರು. ಖಾನಾವಳಿ ಬದುಕಿದ್ದೇ ಇವರಿಂದ, ಇವರಿಗಾಗಿ. ತೆರವಾದ ಮೊದಲ ಜಾಗದಲ್ಲಿ, ಉದ್ದನ್ನ ಬೆಂಚಿನ ಮೇಲೆ, ಮೊಣಕೈಗೆ ಮೊಣಕೈ ತಾಕುವಂತೆ ಕೂತೊಡನೆ ತಾಟು ಬರುತ್ತದೆ: ಬಿಸಿ ಜೋಳದ ರೊಟ್ಟಿ, ಬದನೆಯ ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಕೆಂಪು ರಂಜಕ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಮೆಂತೆಯ ತಪ್ಪಲು. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ ನಿಲ್ಲದು. 'ಇನ್ನೊಂದ್ ಹಾಕ್ಲೇನ್ರೀ' ಎನ್ನುವವನು ಉತ್ತರಕ್ಕೆ ಕಾಯನು. ಶೇಂಗಾ ಹಿಂಡಿಯ ಬಟ್ಟಲು ಇಬ್ಬರ ನಡುವೆ ಇರುವುದರಿಂದ, ಅದನ್ನು ಇತ್ತ ಸರಿಸಿರೆಂದು ಕೇಳಿದಷ್ಟಕ್ಕೇ ಮಾತು ಮೊದಲಾಗಿ, ನಿಮ್ಮ ಕಡೆ ಮಳೆ ಹೇಗೆ, ಕಡಲೆಗೆ ದರವೇನು, ವಕೀಲರಾರು ಎಂಬಲ್ಲಿಗೆ ಮುಟ್ಟುತ್ತದೆ. ತಿಂಗಳ ಗಿರಾಕಿಯೊಬ್ಬನು ಎರಡು ಹೊತ್ತು ಬಾರದಿದ್ದುದನ್ನು ಕಂಡು, ಅವನ ಕೋಣೆಯನ್ನು ಹುಡುಕಿಸಿ ಗಂಜಿಯ ಡಬ್ಬಿಯನ್ನು ಕಳಿಸಿದ ಖಾನಾವಳಿಯೊಂದನ್ನು ನಾನು ಬಲ್ಲೆನು. ಆ ಜ್ವರ ನನ್ನದೇ ಆಗಿತ್ತು. ತಾಟುಗಳು ಬೇರೆ, ಎಂಜಲು ಬೇರೆ. ಪಂಕ್ತಿ ಮಾತ್ರ ಒಂದು.

ಖಾನಾವಳಿಯನ್ನು ಕೈಲಾಸವಾಗಿಸುವ ಉದ್ದೇಶ ನನಗಿಲ್ಲ. ಜಾತಿಯ ಹೆಸರು ಹೊತ್ತ ಫಲಕಗಳು ಈಗಲೂ ಅಲ್ಲಲ್ಲಿ ಉಂಟು. ಕಾಲಕ್ರಮದಲ್ಲಿ ಅವು ಉಣ್ಣುವವರಾರೆಂಬುದನ್ನು ಬಿಟ್ಟು ಬಡಿಸುವುದೇನೆಂಬುದರ ಗುರುತಾಗಿ ಮಾರ್ಪಟ್ಟವು; ಸಾವಜಿ ಖಾನಾವಳಿಯೆಂದರೆ ಮಾಂಸದ ಖಾರವೆಂಬುದನ್ನು ಹುಬ್ಬಳ್ಳಿಯ ಮಗುವೂ ಬಲ್ಲದು. ಆದಾಗ್ಯೂ ಆ ಫಲಕಗಳ ಮೂಲ ನಿರ್ದೋಷವಾದುದಲ್ಲ. ಹೆಂಗಸರ ವಿಷಯದಲ್ಲಂತೂ ನಾಚಿಕೆಪಡಬೇಕು: ಎಷ್ಟೋ ಕಡೆ ಒಲೆಯ ಮುಂದೆ ಬೆವರಿದವಳು ಹೆಣ್ಣು, ಬೆಂಚಿನ ಮೇಲೆ ಕೂತವನು ಗಂಡು, ಹೆಣ್ಣುಮಗಳೊಬ್ಬಳು ಒಂಟಿಯಾಗಿ ಬಂದು ನಿಶ್ಚಿಂತೆಯಿಂದ ಉಂಡು ಹೋದುದನ್ನು ನನ್ನ ಪ್ರಾಯದಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಈ ಅಂಶದಲ್ಲಿ ಮೊಮ್ಮಗಳ ಬೋಗುಣಿಗೆ ನನ್ನ ತಾಟು ಸೋತಿತೆಂದು ಒಪ್ಪುತ್ತೇನೆ.

ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಗೋಕುಲ ರಸ್ತೆಯಲ್ಲೋ ನಾಳೆ ಇಂಥ ಅಂಗಡಿಯನ್ನು ತೆರೆಯಲೆಳಸುವವರಲ್ಲಿ ನನ್ನದೊಂದು ಬಿನ್ನಹ. ದೊಡ್ಡ ಬೋಗುಣಿಗಳ ಜೊತೆಗೆ ಒಬ್ಬರಿಗೆ ಸಾಲುವ ಸಣ್ಣವನ್ನೂ ನಾಲ್ಕಾರು ಇಟ್ಟುಕೊಳ್ಳಿರಿ. ಅವುಗಳ ಒಲೆಗಳನ್ನು ಗೋಡೆಯ ಬದಿಗೆ ದೂಡದೆ ನಡುವಿನ ಉದ್ದ ಮೇಜಿನ ಮೇಲೆಯೇ ಸಾಲಾಗಿ ಹೂಡಿರಿ. ಮತ್ತು ಹಿಂಡಿಯ ಬಟ್ಟಲನ್ನು ಇಬ್ಬರಿಗೊಂದರಂತೆ ಇಡಿರಿ.