ಬರೆಯದ ಕಾಗದಕ್ಕೆ ಹೆಬ್ಬೆಟ್ಟು



ಸಾಹುಕಾರನ ಮನೆಗೆ ಸಾಲಕ್ಕೆಂದು ಹೊರಟ ಮಗನಿಗೆ ನಮ್ಮ ಭೀಮಾತೀರದ ಹಿರಿಯರು ಒಂದೇ ಮಾತು ಹೇಳಿ ಕಳಿಸುತ್ತಿದ್ದರು: ಬರೆಯದ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಬೇಡ. ಅಕ್ಷರ ಬಾರದಿದ್ದರೂ ಅವರಿಗೆ ಹೆಬ್ಬೆಟ್ಟಿನ ಬೆಲೆ ತಿಳಿದಿತ್ತು. ಇಂದು ಓದು ಬಲ್ಲ ಮಕ್ಕಳೇ ಮೊಬೈಲಿನಲ್ಲಿ ಕೇಳಿದ್ದಕ್ಕೆಲ್ಲ ಓದದೆ ‘ಒಪ್ಪಿಗೆ’ ಎಂದು ಒತ್ತುತ್ತಿದ್ದಾರೆ. ಅದೂ ಬರೆಯದ ಕಾಗದವೇ.

ಮಣ್ಣೂರಿನ ವೃದ್ಧ ತಾಯಿಯೊಬ್ಬರು ಮಠಕ್ಕೆ ಬಂದು, “ಯಪ್ಪಾ, ನಾ ಬ್ಯಾಂಕಿಗಿ ಹೋಗೇ ಇಲ್ಲ, ರೊಕ್ಕ ಹ್ಯಾಂಗ ಹೋಯ್ತರಿ?” ಎಂದು ಕಣ್ಣೀರಿಟ್ಟರು. ನಮಗೆ ಆಗ ಉತ್ತರ ತೋಚಲಿಲ್ಲ. ವಿಚಾರಿಸಲಾಗಿ ತಿಳಿದದ್ದು ಇಷ್ಟು. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಈ ಮೂರು ದೊರೆತರೆ ಓಟಿಪಿ ಇಲ್ಲದೆಯೂ ಖಾತೆಯಿಂದ ಹಣ ತೆಗೆಯಬಹುದು. 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಆಸ್ತಿ ನೋಂದಣಿ ಪತ್ರಗಳ ಮೇಲಿನ ಬೆರಳಚ್ಚನ್ನು ನಕಲು ಮಾಡಿ ಹಣ ದೋಚಿದ ಪ್ರಕರಣಗಳು ಬೆಳಕಿಗೆ ಬಂದವು. ಕಳೆದ ಕೀಲಿಗೆ ಬದಲು ಕೀಲಿ ಮಾಡಿಸಬಹುದು, ಬೆರಳಿಗೆ ಬದಲು ಬೆರಳೆಲ್ಲಿ?

ಮುಚ್ಚಿಡಲು ನಮ್ಮಲ್ಲಿ ಏನಿದೆ ಎನ್ನುವವರುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 80 ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಕುರಿತು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಆ ಪ್ರಕರಣದಲ್ಲಿಯೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಮುಪ್ಪಿನಲ್ಲಿ ನಮಗೇಕೆ ಈ ಗೊಡವೆ ಎಂದು ಆ ಹಿರಿಯರು ಕೂಡಲಿಲ್ಲ.

ಆದುದರಿಂದ ಕೇಳಿದವರಿಗೆಲ್ಲ ಆಧಾರ್ ನಕಲು ಕೊಡಬೇಡಿರಿ. ಏತಕ್ಕೆಂದು ಕೇಳಿರಿ, ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯೂ ಉಂಟು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಅನುಕೂಲವಿದೆ. ಹಣ ಹೋದುದು ತಿಳಿದ ಕೂಡಲೆ 1930ಕ್ಕೆ ಫೋನ್ ಮಾಡಿರಿ, ನಾಚಿ ಸುಮ್ಮನಿರಬೇಡಿರಿ. ಬೀಗ ಹಾಕಿದರೆ ರೇಷನ್ ಅಂಗಡಿಯಲ್ಲಿಯೂ ಹೆಬ್ಬೆಟ್ಟು ನಡೆಯದು, ಆ ಹೊತ್ತಿಗೆ ತೆಗೆಯಬೇಕು. ಈ ತೊಡಕನ್ನು ಪಟ್ಟಣದ ಬುದ್ಧಿವಂತರು ಲೆಕ್ಕಕ್ಕೆ ಹಿಡಿದಂತಿಲ್ಲ.

ಆ ತಾಯಿ ಮೊನ್ನೆ ಮತ್ತೆ ಬಂದಿದ್ದರು. ಬೀಗ ಹಾಕಿಸಿದ್ದಾರೆ. ಆದರೆ ಆಧಾರಿಗೆ ಜೋಡಿಸಿದ ಮೊಬೈಲ್ ಮೊಮ್ಮಗನದು, ಅವನು ದುಡಿಯಲು ಹೋಗಿರುವುದು ಪುಣೆಗೆ. “ಕೀಲಿ ಅವನ ಹಂತೇಲಿ ಅದರಿ ಯಪ್ಪಾ, ರೇಷನ್ ತರೂ ದಿನ ಫೋನ್ ಹಚ್ಚತೀನಿ” ಎಂದರು.